ಎಲ್ಲರಿಗೂ ಗೊತ್ತಿದ್ದ ಸುದ್ದಿ

ದೊಡ್ಡ ಬೆಡ್‌ಶೀಟನ್ನು ಒಬ್ಬಳೇ ಮಡಚುವುದು ಸುಲಭವಲ್ಲ. ಒಂದು ತುದಿಯನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಅವಳು ಇನ್ನೊಂದು ತುದಿಗಾಗಿ ತಡಕಾಡುತ್ತಿದ್ದಾಗ, ಯಾರೋ ಬಂದು ಆ ತುದಿಯನ್ನು ಹಿಡಿದರು.

ಅವಳು ತಲೆ ಎತ್ತಲಿಲ್ಲ. ಕೈಯನ್ನಷ್ಟೇ ನೋಡಿದಳು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು...

ಅವನೇ!

ಇಬ್ಬರೂ ಎಳೆದು ಬಿಗಿ ಮಾಡಿದರು. ಅರ್ಧ ಮಡಚಿದರು, ಮತ್ತೆ ಅರ್ಧ. ಪ್ರತಿ ಮಡಿಕೆಗೂ ಅವನು ಹತ್ತಿರ ಬಂದು ತನ್ನ ತುದಿಯನ್ನು ಅವಳ ಕೈಗೆ ಕೊಟ್ಟು ಹಿಂದೆ ಸರಿಯುತ್ತಿದ್ದ. ಬೆರಳಿಗೆ ಬೆರಳು ತಾಗದಂತೆ ಅವನು ವಹಿಸುತ್ತಿದ್ದ ಎಚ್ಚರ ಅವಳ ಕಣ್ಣಿಗೆ ಬಿತ್ತು. ಒಲೆಯ ಮೇಲಿನ ಪಾತ್ರೆ ಇಳಿಸುವವರ ಎಚ್ಚರ ಅದು.

ಹಾಲ್‌ನಲ್ಲಿ ಮಲಗಿ ಎದ್ದ ನೆಂಟರ ಹಾಸಿಗೆಗಳ ರಾಶಿ ಕರಗುವವರೆಗೂ ಹೀಗೆಯೇ ನಡೆಯಿತು.

"ಇನ್ನೇನಾದ್ರೂ ಕೆಲಸ ಇದ್ರೆ ಹೇಳಿ," ಎಂದು ಕೊನೆಗೆ ಅವನು ಹೊರಟುಹೋದ.

ಹೇಳಿ ಅಂತೆ... ಒಂದು ಕಾಲದಲ್ಲಿ 'ಹೇಳೇ' ಎಂದು ಪೀಡಿಸುತ್ತಿದ್ದವನು!

ಅವಳು ಮಡಚಿದ ರಾಶಿಯ ಮೇಲೆ ಕೈಯೂರಿ ನಿಂತಳು. ಅಜ್ಜಿ ಹೋಗಿ ಮೂರು ದಿನ. ಈ ಮೂರು ದಿನದಲ್ಲಿ ಅವಳಿಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ. ಬಂದವರೆಲ್ಲ ಅತ್ತರು, ಅತ್ತು ಮುಗಿದ ಮೇಲೆ ಟೀ ಕುಡಿದರು. ಟೀ ಮಾಡಿದವಳು ಅವಳು.

ಆ ಮನೆ ದೊಡ್ಡದು, ಮನೆಗಿಂತ ಕುಟುಂಬ ದೊಡ್ಡದು. ಅಜ್ಜಿಗೆ ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮೊಮ್ಮಕ್ಕಳನ್ನು ಎಣಿಸಲು ಕೂತರೆ ಅಜ್ಜಿಗೇ ಲೆಕ್ಕ ತಪ್ಪುತ್ತಿತ್ತು. ಹಿರಿಯ ಮೊಮ್ಮಗನ ಹೆಂಡತಿ ಅವಳ ಅಕ್ಕ. ಅಕ್ಕನಿಗೆ ಅವಳಿ ಮಕ್ಕಳು ಹುಟ್ಟಿದಾಗ, ಒಂದು ತಿಂಗಳು ಇದ್ದು ಹೋಗಲಿ ಎಂದು ಇವಳನ್ನು ಕರೆಸಿಕೊಂಡಿದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಬಂದ ಹುಡುಗಿ ಇಲ್ಲಿಯೇ ಉಳಿದಳು. ಮಕ್ಕಳು ಅವಳನ್ನು 'ಚಿಕ್ಕಿ' ಎಂದವು. ಮಕ್ಕಳ ಬಾಯಿಂದ ಅದು ಮನೆಯವರ ಬಾಯಿಗೆ ಬಂತು. ಅಜ್ಜಿಯ ಹಿರಿ ಮಗ, ತಲೆ ನರೆತ ದೊಡ್ಡ ಮಾವನಿಗೂ ಅವಳು ಚಿಕ್ಕಿಯೇ.

ಅವಳಿ ಮಕ್ಕಳು ಬೆಳೆದರು. ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಈಗ ಅಜ್ಜಿಯೂ ಇಲ್ಲ. ನಾಳೆ ಚಿಕ್ಕಿ ತನ್ನ ಅಣ್ಣನ ಮನೆಗೆ ಹೋಗಬೇಕೆಂದು ತೀರ್ಮಾನವಾಗಿತ್ತು. ಅಲ್ಲಿ ಅವಳು ಹಿಂದೆ ಹಾಸಿಗೆ ಹಾಸುತ್ತಿದ್ದ ಜಾಗದಲ್ಲಿ ಈಗ ಹೊಲಿಗೆ ಮೆಷಿನ್ ಇತ್ತು.

ಬೆಡ್‌ಶೀಟಿನ ತುದಿ ಹಿಡಿದವನು ಅಜ್ಜಿಯ ಕಿರಿ ಮಗಳ ಮಗ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಈ ಮನೆಯಲ್ಲೇ ಬೆಳೆದವನು. ಲಿಫ್ಟ್ ರಿಪೇರಿ ಕೆಲಸ. ಹಾಗಾಗಿ ಎಲ್ಲರಿಗೂ ಅವನು ಲಿಫ್ಟಿನವನು. "ಮನೆಗೊಂದು ಮಹಡಿ ಕಟ್ಟೋಕೆ ಆಗಲಿಲ್ಲ, ಲಿಫ್ಟಿನವನನ್ನ ಮಾತ್ರ ಸಾಕಿಟ್ಕೊಂಡಿದೀವಿ," ಎಂದು ದೊಡ್ಡ ಮಾವ ರೇಗಿಸುತ್ತಿದ್ದರು.

ಈ ಮನೆಯಲ್ಲಿ ಸುದ್ದಿಗೂ ಒಂದು ದಾರಿಯಿತ್ತು. ಹಿಂದೊಮ್ಮೆ ಯಾರದೋ ಮದುವೆ ಗೊತ್ತಾದ ವಿಷಯ ತನಗಿಂತ ಮೊದಲು ತಮ್ಮನಿಗೆ ತಿಳಿಯಿತೆಂದು ದೊಡ್ಡ ಮಾವ ಆರು ತಿಂಗಳು ಮುಖ ಊದಿಸಿಕೊಂಡಿದ್ದರು. ಅಂದಿನಿಂದ ಅಜ್ಜಿಯ ಕಟ್ಟುಪಾಡು: ಸುದ್ದಿ ನೀರಿನ ಹಾಗೆ ಮೇಲಿನಿಂದ ಕೆಳಕ್ಕೆ ಹರಿಯಬೇಕು. ಅಜ್ಜಿ ದೊಡ್ಡ ಮಾವನಿಗೆ ಹೇಳಬೇಕು, ಅವರು ತಮ್ಮ ಕೆಳಗಿನವರಿಗೆ, ಅವರು ತಮ್ಮ ಕೆಳಗಿನವರಿಗೆ. ಯಾರದೋ ಹಲ್ಲು ಕಿತ್ತ ಸುದ್ದಿ ಕೊನೆಗೆ ತಲುಪುವ ಹೊತ್ತಿಗೆ ದವಡೆಯೇ ಹೋಗಿರುತ್ತಿತ್ತು.

ಆ ಸಾಲಿನ ಕಟ್ಟಕಡೆಯವನು ಲಿಫ್ಟಿನವನು. ಚಿಕ್ಕಿಯಂತೂ ಸಾಲಿನಲ್ಲೇ ಇರಲಿಲ್ಲ.

ಆದರೆ ಟೀ ಕೊಡುವವಳಿಗೆ ಕಿವಿ ಇರುತ್ತದಲ್ಲ! ಕೆಲಸದಿಂದ ಬಂದವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ಇವತ್ತು ಏನ್ ಸುದ್ದಿ, ಹೇಳೇ," ಎನ್ನುತ್ತಿದ್ದ. ಅವಳು ಪಾತ್ರೆ ಒರೆಸುತ್ತಾ ಪಿಸುದನಿಯಲ್ಲಿ ಒಂದೊಂದಾಗಿ ಹೇಳುತ್ತಿದ್ದಳು. ಮರುದಿನ, ಸಾಲಿನಲ್ಲಿ ಅವನ ಮೇಲಿನವರಾದ ಚಿಕ್ಕ ಮಾವ ಗಂಭೀರವಾಗಿ ಅದೇ ಸುದ್ದಿ ಕೊಟ್ಟಾಗ ಅವನು ಬಾಯಿ ಕಳೆದು, "ಹೌದಾ ಮಾವ?" ಎನ್ನುತ್ತಿದ್ದ. ಅಡುಗೆಮನೆಯಲ್ಲಿ ಅವಳು ಸೆರಗು ಕಚ್ಚಿ ನಗುತ್ತಿದ್ದಳು.

ಅವಳ ಬದುಕಿನಲ್ಲಿ ಅವಳದೇ ಎನ್ನುವಂಥದ್ದು ಅದೊಂದೇ ಇತ್ತು.

ಎರಡು ವರ್ಷದ ಹಿಂದೆ ಅದೂ ನಿಂತುಹೋಯಿತು. ಒಂದು ದಿನ ಅವನು ಹೊಸ್ತಿಲಿಗೆ ಬರಲಿಲ್ಲ. ಆಮೇಲೆ ದೂರದ ಊರಿನಲ್ಲಿ ಕೆಲಸ ಹಿಡಿದು ಹೊರಟೇಹೋದ. ಹೋಗುವಾಗ ಎಲ್ಲರಿಗೂ ಹೇಳಿ ಹೋದ, ಅವಳೊಬ್ಬಳನ್ನು ಬಿಟ್ಟು. ನಾನು ಯಾರು ಅವನಿಗೆ, ಟೀ ಕೊಡೋಳು ತಾನೇ... ಎಂದುಕೊಂಡು ಅವಳು ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಉಳಿದಳು.

ಮಧ್ಯಾಹ್ನ ಎಲ್ಲರೂ ಹಾಲ್‌ನಲ್ಲಿ ಸುತ್ತುಗಟ್ಟಿ ಕೂತರು. ಅಳು ಮುಗಿದು ನೆನಪುಗಳು ಶುರುವಾಗಿದ್ದವು. ಅಜ್ಜಿ ಅಜ್ಜನನ್ನು ಗದರಿದ್ದು, ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿಸಿದ್ದು. ನಡುನಡುವೆ ಹೊಸ ಸುದ್ದಿಗಳು: ಒಬ್ಬಳ ಮಗುವಿಗೆ ಹೆಜ್ಜೆ ಬಂತು, ಇನ್ನೊಬ್ಬನಿಗೆ ಸಕ್ಕರೆ ಕಾಯಿಲೆ ಬಂತು. ಲಿಫ್ಟಿನವನು ಅಲ್ಲಿರಲಿಲ್ಲ. ಅಡುಗೆಮನೆಯ ಪಕ್ಕದ ಓಣಿಯಲ್ಲಿ ಚಿಕ್ಕ ಮಾವನ ವ್ಯಾನಿಗೆ ಸಾಮಾನು ತುಂಬುತ್ತಿದ್ದ. ಇನ್ನೊಂದು ಗಳಿಗೆಗೆ ಅವನೂ ಅದರಲ್ಲೇ ಹೊರಡುವವನು.

ಚಿಕ್ಕಿ ಕೆಟಲ್ ಹಿಡಿದು ಲೋಟಗಳಿಗೆ ಟೀ ಬಗ್ಗಿಸುತ್ತಿದ್ದಳು.

ಆಗ ಎರಡನೇ ಸೊಸೆ ನಿಟ್ಟುಸಿರು ಬಿಟ್ಟರು. ಅವರನ್ನು ಎಲ್ಲರೂ ರೇಡಿಯೋ ಅತ್ತೆ ಎನ್ನುತ್ತಿದ್ದರು, ಅವರಿಗೂ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

"ಏನೇ ಆಗಲಿ, ಅಜ್ಜಿಗೆ ಅದೊಂದು ಕೊರಗು ಕೊನೆವರೆಗೂ ಹೋಗಲಿಲ್ಲ," ಎಂದರು. "ಚಿಕ್ಕಿನ ಆ ಲಿಫ್ಟಿನವನಿಗೆ ತಂದ್ಕೊಬೇಕು ಅಂತ ಎಷ್ಟು ಆಸೆಪಟ್ಟಿದ್ರು ಪಾಪ. ಇವಳು ಬೇಡ ಅಂದ್ಬಿಟ್ಟಳು."

ಲೋಟ ತುಂಬಿ ಟೀ ತಟ್ಟೆಗೆ ಹರಿಯಿತು.

ಆ ಹಾಲ್‌ನಲ್ಲಿ ಅವಳು ಇಷ್ಟು ವರ್ಷದಲ್ಲಿ 'ಇನ್ನೊಂದು ಸ್ವಲ್ಪ ಹಾಕ್ಲಾ' ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದವಳಲ್ಲ. ಇಂದು ಗಂಟಲು ತಾನಾಗಿ ತೆರೆಯಿತು.

"ನಾನು ಯಾವಾಗ ಬೇಡ ಅಂದೆ?"

ಎಲ್ಲರೂ ತಿರುಗಿ ನೋಡಿದರು.

"ಕೇಳಿದಾಗ," ಎಂದರು ಅತ್ತೆ.

"ಯಾರು ಕೇಳಿದ್ದು?"

ರೇಡಿಯೋ ಅತ್ತೆ ಚಿಕ್ಕ ಮಾವನ ಕಡೆ ನೋಡಿದರು. ಅವರು, ಹೆಂಗಸರ ವಿಷಯ ಹೆಂಗಸರೇ ಕೇಳಿರಬೇಕಲ್ಲ ಎಂದು ಅತ್ತೆಯ ಕಡೆಗೇ ತಿರುಗಿಸಿದರು. ಅತ್ತೆ ಅದನ್ನು ಅಕ್ಕನ ಮೇಲೆ ಹಾಕಿದರು. ಒಡಹುಟ್ಟಿದವಳಿರುವಾಗ ನಾನು ಯಾಕೆ ಕೇಳಲಿ? ಹಾಗೆ ಮಾತು ಒಬ್ಬರಿಂದ ಒಬ್ಬರಿಗೆ ಜಾರುತ್ತಾ ಹೋಗಿ, ಕೊನೆಗೆ ದೊಡ್ಡ ಮಾವನ ಮುಂದೆ ನಿಂತಿತು.

"ಕೆಳಗಿನವರು ಯಾರಾದ್ರೂ ಕೇಳಿರ್ತಾರೆ ಅಂದ್ಕೊಂಡಿದ್ದೆ ನಾನು," ಎಂದು ಅವರು ಮೆಲ್ಲಗೆ ಹೇಳಿದರು. "ಅಮ್ಮ ನನಗೆ ಹೇಳಿದ್ದಳು, ಕೇಳಿಸು ಅಂತ. ನಾನು ಕೆಳಗೆ ಹೇಳಿ ಕಳಿಸಿದೆ."

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಮನೆಮಂದಿಯೆಲ್ಲ ಸೇರಿ ಒಬ್ಬ ಹುಡುಗಿಯನ್ನು ಒಂದು ಮಾತು ಕೇಳಿರಲಿಲ್ಲ. ಅವನು ಊರು ಬಿಟ್ಟಾಗ, ಇವಳು ಬೇಡ ಅಂದಿರಬೇಕು ಎಂದು ತಾವೇ ಅಂದುಕೊಂಡಿದ್ದರು, ಅಜ್ಜಿಯೂ ಅದನ್ನೇ ನಂಬಿ ಮತ್ತೆ ಮಾತೆತ್ತಿರಲಿಲ್ಲ. ಆ ವಿಷಯ ಎದ್ದಾಗಲೆಲ್ಲ, 'ಚಿಕ್ಕಿ, ಮಕ್ಕಳನ್ನ ನೋಡು ಹೋಗು' ಎಂದು ಅವಳನ್ನು ಆಚೆ ಕಳಿಸಿದ್ದರು.

ಅಕ್ಕ ಎದ್ದು ಬಂದು ಅವಳ ತೋಳು ಹಿಡಿದಳು. ಅಕ್ಕನ ಕಣ್ಣು ತುಂಬಿತ್ತು. ದೊಡ್ಡವರು ಕೇಳಿರುತ್ತಾರೆ, ನೀನು ನನ್ನ ಹತ್ತಿರ ಬಾಯಿ ಬಿಡಲಿಲ್ಲ, ಮನಸ್ಸಿಲ್ಲವೇನೋ ಅಂತ ಸುಮ್ಮನಾದೆ ಎಂದಳು.

ಚಿಕ್ಕಿಗೆ ಕೋಪ ಬರಬೇಕಿತ್ತು. ಕೋಪಕ್ಕೂ ಶಕ್ತಿ ಬೇಕಲ್ಲ. ತೋಳು ಬಿಡಿಸಿಕೊಂಡು, ಕೆಟಲ್ ಕೈಯಲ್ಲಿರುವುದೂ ಮರೆತು, ಓಣಿಗೆ ನಡೆದಳು.

ಅವನು ಕೊನೆಯ ಬ್ಯಾಗನ್ನು ಒಳಗೆ ತಳ್ಳುತ್ತಿದ್ದ. ಅವಳನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವಳು ಹೋಗಲಿಲ್ಲ. ನಿಂತಳು.

"ನನಗೆ ಈಗ ಗೊತ್ತಾಯ್ತು," ಎಂದಳು.

"ಏನು?"

"ಅಜ್ಜಿ ಆಸೆ."

ಅವನ ಮುಖ ಬಿಗಿಯಿತು. ಬ್ಯಾಗಿನ ಪಟ್ಟಿಯನ್ನು ಸುಮ್ಮನೆ ಎಳೆದು ಎಳೆದು ನೋಡಿದ. "ಬಿಡಿ. ಆಗಿದ್ದು ಆಗಿಹೋಯ್ತು."

"ಆಗಿಲ್ಲ. ಏನೂ ಆಗೇ ಇಲ್ಲ. ನನ್ನನ್ನ ಯಾರೂ ಕೇಳೇ ಇಲ್ಲ."

ಅವನು ನಂಬಲಿಲ್ಲ. ಅದು ಅವಳಿಗೆ ಕಂಡಿತು. ನಂಬುವ ಆಸೆಯೂ ಕಂಡಿತು.

ಅವನು ನಿಧಾನವಾಗಿ ಹೇಳಿದ. ಚಿಕ್ಕ ಮಾವ ಹೇಳಿದ ದಿನ ಅವನಿಗೆ ನೆಲ ಕಾಲಿಗೆ ಸಿಕ್ಕಿರಲಿಲ್ಲವಂತೆ. ಅಜ್ಜಿ ಹೀಗಂದಿದ್ದಾಳೆ, ಅವಳನ್ನೂ ಕೇಳುತ್ತಿದ್ದಾರೆ ಎಂದಿದ್ದರಂತೆ. ಅವತ್ತಿನಿಂದ ಅವನು ದಿನಾ ಹೊಸ್ತಿಲ ಮೇಲೆ ಕೂತು ಕಾದಿದ್ದ.

"ನೀನು ಎಲ್ಲರ ಸುದ್ದಿನೂ ಹೇಳ್ತಿದ್ದೆ. ಬೀದಿ ನಾಯಿ ಮರಿ ಹಾಕಿದ್ದೂ ಹೇಳಿದೆ. ಅದೊಂದನ್ನ ಮಾತ್ರ ಎತ್ತಲೇ ಇಲ್ಲ. ನೋಯಿಸಬಾರದು ಅಂತ ಸುಮ್ಮನಿದಾಳೆ ಅಂದ್ಕೊಂಡೆ."

"ನೀವೇ ಕೇಳಬಹುದಿತ್ತಲ್ಲ..."

"ಭಯ."

"ಅಷ್ಟೆತ್ತರದಲ್ಲಿ ಹಗ್ಗ ಹಿಡ್ಕೊಂಡು ನೇತಾಡ್ತೀರಿ."

"ಅಲ್ಲಿ ಬಿದ್ದರೆ ಒಂದೇ ಸಲ ಬೀಳ್ತೀವಿ," ಎಂದ ಅವನು. ಅವನಿಗೇ ನಗು ಬಂತು, ಆದರೆ ದಣಿದ ನಗು. "ಎರಡು ವರ್ಷ ಬೇಡ ಅನ್ನಿಸ್ಕೊಂಡವನ ಹಾಗೇ ಬದುಕಿದೀನಿ. ಅಭ್ಯಾಸ ಆಗ್ಬಿಟ್ಟಿದೆ. ಈಗ ಅಲ್ಲ ಅಂದ್ರೆ ತಕ್ಷಣ ತಲೆಗೆ ಹೋಗ್ತಿಲ್ಲ."

"ನನಗೂ ಅಭ್ಯಾಸ ಆಗಿತ್ತು. ಹೇಳದೆ ಹೋದ್ರು ಅಂತ."

ಗೋಡೆಯಾಚೆ ಯಾರೋ ಸೈಕಲ್ ಬೆಲ್ ಬಾರಿಸುತ್ತಾ ಹೋದರು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ... ವ್ಯಾನ್ ಹೋಗುತ್ತದೆ, ನಾಳೆ ನಾನೂ ಹೋಗುತ್ತೇನೆ. ಇವನ ಸುದ್ದಿ ನನಗೆ ಹೇಳುವವರೂ ಇರುವುದಿಲ್ಲ.

"ಈಗ ಕೇಳಿ," ಎಂದಳು. "ಮೇಲಿಂದ ಇಳಿದು ಬರೋದು ಬೇಡ. ನೀವೇ ಕೇಳಿ."

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಕಣ್ಣ ಕೆಳಗಿನ ಕಪ್ಪು, ಒದ್ದೆ ಕೈ, ಬರಿಗಾಲು. ಆಮೇಲೆ ಅವಳ ಕೈಯಿಂದ ಕೆಟಲ್ ತೆಗೆದು ಕೆಳಗಿಟ್ಟ. ಈ ಸಲ ಬೆರಳು ತಾಗಿತು. ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನನ್ನ ಜೊತೆ ಬರ್ತೀಯಾ?" ಎಂದ. "ನನಗಿರೋದು ಒಂದೇ ರೂಮು. ಬೆಳಗ್ಗೆ ಹೋದ್ರೆ ಸಂಜೆ ಬರ್ತೀನಿ. ಮಾತಾಡೋಕೆ ಯಾರೂ ಇರಲ್ಲ."

"ಅಲ್ಲಿ ಯಾರೂ ಇಲ್ವಾ?"

"ಒಂದು ಪಿಳ್ಳೆನೂ ಇಲ್ಲ."

ಅವಳಿಗೆ ಆ ಖಾಲಿ ರೂಮು ಕಣ್ಣಿಗೆ ಕಟ್ಟಿತು. ಎರಡೇ ಲೋಟ. ತೊಳೆದಿಟ್ಟರೆ ಮುಗಿಯಿತು. ಈಗ, ಎಲ್ಲ ಮುಗಿದ ಮೇಲೆ, ಯಾರೂ ಕರೆಯದ ಆ ಓಣಿಯಲ್ಲಿ ನಿಂತಿದ್ದಾಗ, ಅವಳಿಗೆ ಅಳು ಬಂತು. ಅಜ್ಜಿಗಾಗಿ ಬಂದದ್ದೋ ತನಗಾಗಿ ಬಂದದ್ದೋ ಅವಳಿಗೇ ತಿಳಿಯಲಿಲ್ಲ.

"ಬರ್ತೀನಿ," ಎಂದಳು ಅಳುತ್ತಲೇ.

ಅವನು ವ್ಯಾನಿನೊಳಗೆ ಕೈ ಹಾಕಿ ತನ್ನ ಬ್ಯಾಗನ್ನು ಹೊರಗೆಳೆದು ಓಣಿಯ ಮೆಟ್ಟಿಲ ಮೇಲಿಟ್ಟ.

"ಚಿಕ್ಕ ಮಾವ ಹೋಗಲಿ. ನಾನು ನಾಳೆ ಹೋಗ್ತೀನಿ. ನಿಮ್ಮಣ್ಣನ ಮನೆ ದಾರಿಯಲ್ಲೇ. ನಿನ್ನನ್ನ ಅಲ್ಲಿಗೆ ಮುಟ್ಟಿಸಿ, ಅಣ್ಣನ ಜೊತೆ ಮಾತಾಡ್ತೀನಿ. ನಾನೇ."

"ಅಣ್ಣ ರೇಗ್ತಾನೆ."

"ರೇಗಲಿ. ಎದುರಿಗೇ ರೇಗ್ತಾನಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. ಮೂರು ದಿನದಲ್ಲಿ ಮೊದಲ ಸಲ ಅವಳು ಹೀಗೆ ಕೂತದ್ದು. ಪಾದಗಳು ಸಿಡಿಯುತ್ತಿದ್ದವು. ಅವನು ಪಕ್ಕದಲ್ಲಿ ಕೂತ.

"ತುಂಬಾ ಸುಸ್ತಾ?"

"ಹೂಂ. ನಿಮಗೆ?"

"ನನಗೂ."

"ಹಾಗಾದ್ರೆ ಮಾತಾಡ್ಬೇಡಿ. ಸುಮ್ಮನೆ ಕೂತ್ಕೊಳ್ಳಿ."

ಅವನು ಸುಮ್ಮನೆ ಕೂತ. ಅವಳು ತಲೆಯನ್ನು ಅವನ ಭುಜಕ್ಕೆ ಒರಗಿಸಬೇಕೆಂದು ಯೋಚಿಸಿ, ನಾಚಿ, ಗೋಡೆಗೆ ಒರಗಿಸಿದಳು. ಅವನೇ ಸ್ವಲ್ಪ ಸರಿದು ಗೋಡೆಗೂ ಅವಳಿಗೂ ನಡುವೆ ಭುಜ ತಂದಿಟ್ಟ.

ಆಗ ಅವರ ತಲೆಯ ಮೇಲೆ, ಅಡುಗೆಮನೆಯ ಕಿಟಕಿಯ ಪರದೆ ಅಲ್ಲಾಡಿತು. ಗಾಳಿ ಇರಲಿಲ್ಲ. ಬಳೆಯ ಸದ್ದು ಕೇಳಿಸಿತು. ಆ ಬಳೆಗಳು ಯಾರವೆಂದು ಇಬ್ಬರಿಗೂ ಗೊತ್ತಿತ್ತು.

ಚಿಕ್ಕಿ ತಲೆ ಎತ್ತದೆಯೇ ಹೇಳಿದಳು.

"ಅತ್ತೆ, ಇವತ್ತೊಂದು ದಿನ ಇದನ್ನ ಯಾರಿಗೂ ಹೇಳಬೇಡಿ."

ಬಳೆಯ ಸದ್ದು ಆಗಲೇ ಹಾಲ್‌ನ ಕಡೆಗೆ ಓಡುತ್ತಿತ್ತು.