ಒಂದಿಂಚು ತೋಳು

ನಮ್ಮ ಮೊದಲ ಜಗಳ ಆದದ್ದು ಒಂದಿಂಚು ತೋಳಿನ ಬಗ್ಗೆ.

ಹಳೆಯ ಥಿಯೇಟರಿನ ಹಿಂಭಾಗದಲ್ಲಿ ಪೋಸ್ಟರ್ ಇಡುವ ಕೋಣೆಯೊಂದಿತ್ತು. ಭಾನುವಾರ ಬೆಳಿಗ್ಗೆ, ಮೊದಲ ಆಟಕ್ಕೆ ಮುಂಚೆ, ಆ ಅಂಟಿನ ವಾಸನೆಯ ನಡುವೆ ಏಳೆಂಟು ಜನ ಸೇರುತ್ತಿದ್ದೆವು. ಒಬ್ಬನೇ ಗೂಢಚಾರನ ಆರು ಸಿನಿಮಾಗಳಿಗೆ ಮನಸೋತ, ಮನೆಯವರ ಬಾಯಲ್ಲಿ 'ಮಾಡೋಕೆ ಕೆಲಸ ಇಲ್ಲದವರು' ಎನಿಸಿಕೊಂಡ ಜನ. ಆ ಗೂಢಚಾರನ ಪಾತ್ರವನ್ನು ಮೂವರು ನಟರು ಮಾಡಿದ್ದರು. ನಮಗೆ ಅವರು ಮೊದಲನೆಯವ, ಎರಡನೆಯವ, ಮೂರನೆಯವ, ಅಷ್ಟೆ. ಖಳನಾಯಕರಿಗೆ ಮಾತ್ರ ಪ್ರೀತಿಯಿಂದ ಹೆಸರಿಟ್ಟಿದ್ದೆವು. ಜೇನಜ್ಜಿ, ಗಾಜುಗಣ್ಣ, ಕರಿಕೋಟು.

ನಾನು ಹೋದ ಮೊದಲ ದಿನವೇ ಎದ್ದು ನಿಂತು ಹೇಳಿದೆ: "ಮೂರನೇ ಸಿನಿಮಾದಲ್ಲಿ ಕರಿಕೋಟು ಹಾಕ್ಕೊಳ್ಳೋ ಕೋಟು ಅವನದಲ್ಲ. ತೋಳು ಒಂದಿಂಚು ಗಿಡ್ಡ. ಕೊನೇಲಿ ಸೇತುವೆ ಮೇಲೆ ಕೈ ಚಾಚ್ತಾನಲ್ಲ, ಆಗ ಮಣಿಕಟ್ಟು ಕಾಣತ್ತೆ. ಅದು ಶುರುವಿನಲ್ಲೇ ಸಾಯ್ತಾನಲ್ಲ, ಅವನ ತಮ್ಮ, ಆ ತಮ್ಮನ ಕೋಟು. ಇಡೀ ಸಿನಿಮಾದಲ್ಲಿ ಅವನು ಒಂದು ಹನಿ ಅಳೋದಿಲ್ಲ. ಅಳೋ ಕೆಲಸವನ್ನೆಲ್ಲ ಆ ಕೋಟು ಮಾಡತ್ತೆ."

ಎದುರು ಕುರ್ಚಿಯಿಂದ ಒಂದು ಗಡಸು ದನಿ ಬಂತು. "ಅಳತೆ ತಪ್ಪಿದ್ದಕ್ಕೆಲ್ಲ ಹೀಗೆ ಕರಗಿದ್ರೆ ಹೇಗೆ ತಾಯಿ? ನನ್ನ ಪ್ಯಾಂಟು ನೋಡಿದ್ರೆ ನೀವು ಎದೆ ಬಡ್ಕೊಂಡು ಅಳ್ತೀರಿ."

ಎಲ್ಲರೂ ನಕ್ಕರು. ನಾನು ಬಗ್ಗಿ ಅವರ ಪ್ಯಾಂಟು ನೋಡಿದೆ. ಪಾದದ ಗಂಟಿಗಿಂತ ಎರಡು ಬೆರಳು ಮೇಲಿತ್ತು.

"ಅದನ್ನ ಹೊಲಿದವನ ಅಡ್ರೆಸ್ ಕೊಡಿ, ನೋಡ್ಕೋತೀನಿ" ಎಂದೆ. "ಆದರೆ ಕರಿಕೋಟಿನ ತೋಳು ಟೈಲರ್ ತಪ್ಪಲ್ಲ. ಬೇಕಂತಲೇ ಬಿಟ್ಟಿದ್ದು."

ಅವರು ನನ್ನನ್ನು ದಿಟ್ಟಿಸಿದರು. ಕಣ್ಣನ್ನಲ್ಲ, ಬಾಯನ್ನು. ಆಮೇಲೆ ಗೊತ್ತಾಯಿತು, ಅದು ಅವರ ಕಸುಬಿನ ಚಾಳಿ ಎಂದು. ಅವರು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವರು. ಉಗುರಿನ ಸಂದಿಯಲ್ಲಿ ಸದಾ ಪ್ಲಾಸ್ಟರಿನ ಬಿಳಿ. ಎಲ್ಲರೂ ಅವರನ್ನು ದಂತಪ್ಪ ಎನ್ನುತ್ತಿದ್ದರು. ಆಲ್ಟರೇಶನ್ ಅಂಗಡಿಯವಳಾದ ನಾನು ಆ ದಿನದಿಂದ ಟೇಪಮ್ಮ ಆದೆ.

ದಂತಪ್ಪನವರದು ಎರಡನೆಯವನ ಪಕ್ಷ. ಪಾಪ, ಆ ನಟ ಮಾಡಿದ್ದು ಆ ಮೂರನೇ ಸಿನಿಮಾ ಒಂದೇ. ಸೇತುವೆಯ ಮೇಲೆ ಕರಿಕೋಟಿಗೆ ಗುರಿಯಿಟ್ಟು, ಪಿಸ್ತೂಲಿನ ಕುದುರೆ ಎಳೆಯುವ ಮೊದಲು ಒಂದು ಕ್ಷಣ ತಡೆಯುತ್ತಾನೆ. ಜನ ಶಿಳ್ಳೆ ಹಾಕಿ ಗೇಲಿ ಮಾಡಿದ್ದರಂತೆ. ನಾಲ್ಕನೆಯದಕ್ಕೆ ಅವನನ್ನು ಕರೆಯಲೇ ಇಲ್ಲ.

"ಗುರಿ ಇಟ್ಟ ಮೇಲೂ ತಡೆಯೋನನ್ನ ಯಾರ್ ನೋಡ್ತಾರಯ್ಯ?" ಎಂದು ಅಧ್ಯಕ್ಷರು ಕೆಣಕುತ್ತಿದ್ದರು. ಅದೇ ಥಿಯೇಟರಿನ ಟಿಕೆಟ್ ಕಿಟಕಿಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು ಅವರು.

"ತಡೆದನಲ್ಲ, ಅದಕ್ಕೇ ನಾನು ನೋಡ್ತೀನಿ" ಎನ್ನುತ್ತಿದ್ದರು ದಂತಪ್ಪ.

ನಮ್ಮ ಕೂಟಕ್ಕೊಂದು ಕಟ್ಟುಪಾಡಿತ್ತು. ವಾದ ಹೂಡಿದ ಇಬ್ಬರೂ ಎದುರುಬದುರು ಕೂರಬೇಕು. ಒಬ್ಬರು ಅಧ್ಯಕ್ಷರ ದಪ್ಪ ಪುಸ್ತಕದಲ್ಲಿ 'ಸೋತೆ' ಎಂದು ಬರೆದು ಸಹಿ ಹಾಕಿದರೆ ವಾದ ಮುಗಿಯಿತು, ಕುರ್ಚಿಗಳು ಬೇರೆಯಾದವು. ಮುಗಿದದ್ದನ್ನು ಮತ್ತೆ ತೆಗೆಯುವಂತಿಲ್ಲ.

ಜೇನಜ್ಜಿಯ ವಾದ ಮೂರು ವಾರದಲ್ಲಿ ಮುಗಿಯಿತು. ಗಾಜುಗಣ್ಣನದು ಒಂದು ವರ್ಷ ಎಳೆಯಿತು. ನಮ್ಮದು ಹನ್ನೊಂದು ವರ್ಷ.

ಹನ್ನೊಂದು ವರ್ಷ ನಾನು ಅವರ ಎದುರು ಕೂತೆ. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ನನಗೆ ಮದುವೆಯಾಗಿರಲಿಲ್ಲ, ಅಕ್ಕನೊಡನೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದೆ. ನಮಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಅಡ್ಡವಿದ್ದದ್ದು ನಾವೇ.

ಒಮ್ಮೆ ಮಾತ್ರ, ಎರಡನೆಯ ವರ್ಷವಿರಬೇಕು, ಚಹಾ ಕುಡಿಯುತ್ತ ಅವರು ಥಟ್ಟನೆ ಹೇಳಿದರು: "ನಿಮ್ಮ ಎಡಗಡೆ ಕೋರೆಹಲ್ಲು ಸ್ವಲ್ಪ ತಿರುಗಿದೆ."

ನಾನು ಬಾಯಿ ಮುಚ್ಚಿಕೊಂಡೆ.

"ನಿಮಗೆ ನಾನೇನಾದ್ರೂ ಸೆಟ್ಟು ಮಾಡೋ ಕಾಲ ಬಂದ್ರೆ, ಅದನ್ನ ಹಾಗೇ ತಿರುಗಿಸೇ ಕೂರಿಸ್ತೀನಿ. ನೇರ ಮಾಡಲ್ಲ."

ಒಂದು ವಾರ ತುಟಿ ಬಿಚ್ಚದೆ ನಕ್ಕೆ. ಆಮೇಲೆ, ಯಾಕೋ, ಅವರ ಎದುರು ಬಾಯ್ತುಂಬ ನಗುವುದು ಅಭ್ಯಾಸವಾಯಿತು.

ಹನ್ನೊಂದನೆಯ ವರ್ಷದ ಚಳಿಗೆ ಅವರು ಮೊದಲ ಸಲ ಅಂಗಡಿಗೆ ಬಂದರು. ಕೈಯಲ್ಲಿ ಬೂದು ಬಣ್ಣದ ಕೋಟು. "ಸ್ವಲ್ಪ ಸಡಿಲ ಆಗಿದೆ. ಹಿಡಿದು ಕೊಡ್ತೀರಾ?"

ಟೇಪು ಹಿಡಿದು ಎದೆಯ ಸುತ್ತ ಅಳೆದೆ. ಅಷ್ಟು ಹತ್ತಿರ ಯಾವತ್ತೂ ನಿಂತಿರಲಿಲ್ಲ. ಅವರು ಉಸಿರು ಬಿಗಿಹಿಡಿದು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು.

"ಉಸಿರಾಡಿ, ದಂತಪ್ಪನೋರೇ. ಇಲ್ದಿದ್ರೆ ಅಳತೆ ತಪ್ಪತ್ತೆ."

"ತಪ್ಪಿದ್ರೆ ಬೇಕಂತಲೇ ಅಂತ ಹೇಳಿದ್ರಾಯ್ತು" ಎಂದರು. ದನಿ ಒಡೆದಿತ್ತು.

"ಗಂಟಲಿಗೇನಾಯ್ತು?"

"ಪ್ಲಾಸ್ಟರ್ ಧೂಳು ಕಣ್ರೀ. ನಮ್ಮ ಕಸುಬಿನ ಉಡುಗೊರೆ."

ಎರಡು ತಿಂಗಳಿಗೆ ಅದೇ ಕೋಟು ಮತ್ತೆ ಬಂತು. ಇನ್ನೆರಡು ತಿಂಗಳಿಗೆ ಮೂರನೆಯ ಸಲ. ನಾನು ಕನ್ನಡಿಯ ಮುಂದೆ ನಿಂತು ಕೂದಲು ತಿದ್ದಿಕೊಳ್ಳುವುದನ್ನು ಅಕ್ಕ ನೋಡಿಬಿಟ್ಟಳು.

"ಒಂದೊಂದೇ ಇಂಚು ಹಿಡಿಸಿ ಹಿಡಿಸಿ ಕೋಟನ್ನೇ ಮುಗಿಸ್ತಾನೆ ಕಣೇ ಈ ಮಹಾರಾಯ" ಎಂದಳು. "ಆಮೇಲೆ ಇಲ್ಲಿಗೆ ಬರೋಕೆ ಏನ್ ನೆಪ ಹುಡುಕ್ತಾನೋ! ಬಾಯಿ ಬಿಟ್ಟು ಒಂದ್ ಮಾತು ಹೇಳೋಕೆ ಏನ್ ಧಾಡಿ?"

"ಸುಮ್ನಿರಕ್ಕ" ಎಂದೆ. ಎದೆಯೊಳಗೆ ಮಾತ್ರ ಸುಮ್ಮನಿರಲಿಲ್ಲ. ಕೋಟು ಅವರ ನೆಪವೆಂದೇ ನಾನೂ ನಂಬಿದ್ದೆ.

ಮರುವಾರ ಪೋಸ್ಟರ್ ಕೋಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ದಂತಪ್ಪ ಎದ್ದರು. ಅಧ್ಯಕ್ಷರ ಕೈಯಿಂದ ಪುಸ್ತಕ ತೆಗೆದುಕೊಂಡರು. 'ಸೋತೆ' ಎಂದು ಬರೆದು ಸಹಿ ಹಾಕಿದರು.

"ಟೇಪಮ್ಮ ಹೇಳಿದ್ದೇ ಸರಿ" ಎಂದರು. ದನಿ ಹರಿದ ಕಾಗದದಂತಿತ್ತು. "ಕೋಟು ತಮ್ಮನದೇ."

ಯಾರೋ ಚಪ್ಪಾಳೆ ತಟ್ಟಿದರು. ಅವರ ಹಿಂದೆಯೇ ಬಾಗಿಲವರೆಗೆ ಓಡಿದೆ.

"ಏನ್ರೀ ಇದು? ಹನ್ನೊಂದು ವರ್ಷ ಸೋಲದವರು ಇವತ್ತು ಏನು ಹೊಸದು ಕಂಡ್ರಿ?"

"ಸಾಕಾಯ್ತು."

"ಏನು ಸಾಕಾಯ್ತು? ವಾದವಾ, ನಾನಾ?"

ಅವರು ನನ್ನ ಬಾಯನ್ನೇ ನೋಡುತ್ತ ನಿಂತರು. ಆ ತಿರುಗಿದ ಹಲ್ಲನ್ನು. ಏನೋ ಹೇಳಲು ಹೋಗಿ ಕೆಮ್ಮಿದರು.

"ಪುಕ್ಕಟೆ ಗೆಲುವು ನನಗೆ ಬೇಡ" ಎಂದೆ. "ಕೋಟು ರೆಡಿ ಇದೆ. ಯಾರನ್ನಾದ್ರೂ ಕಳಿಸಿ ತರಿಸ್ಕೊಳ್ಳಿ. ನೀವು ಬರೋದು ಬೇಡ."

ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು.

ಅಂಗಡಿಗೆ ಬಂದು ಅಳತೆ ಪುಸ್ತಕ ತೆರೆದೆ. ಅವರ ಪುಟವನ್ನು ಹರಿದು ಹಾಕುವ ಸಿಟ್ಟು. ಒಂದರ ಕೆಳಗೊಂದು ಮೂರು ಸಾಲು, ನನ್ನದೇ ಕೈಬರಹ. ಎದೆ ನಲವತ್ತು. ಎದೆ ಮೂವತ್ತೆಂಟು. ಎದೆ ಮೂವತ್ತೈದೂವರೆ.

ಪುಟ ಹಿಡಿದ ಕೈ ಹಾಗೇ ನಿಂತಿತು.

ನಾಲ್ಕು ತಿಂಗಳಲ್ಲಿ ನಾಲ್ಕೂವರೆ ಇಂಚು. ಪರದೆಯ ಮೇಲಿನ ಒಬ್ಬ ಕೊಲೆಗಾರನ ಒಂದಿಂಚು ತೋಳು ನೋಡಿ ಅವನ ಮನೆಯ ಸಾವನ್ನೇ ಕಂಡುಹಿಡಿದವಳು ನಾನು. ನನ್ನ ಟೇಪಿನೊಳಗೇ ಒಬ್ಬ ಮನುಷ್ಯ ಕರಗುತ್ತಿದ್ದ. ನಾನು ಕೂದಲು ತಿದ್ದಿಕೊಳ್ಳುತ್ತಿದ್ದೆ.

ಲ್ಯಾಬಿಗೆ ಹೋದಾಗ ಅವರ ಮೇಜಿನ ಮೇಲೆ ಅರ್ಧ ಮುಗಿದ ಸೆಟ್ಟೊಂದು ಬಟ್ಟೆ ಹೊದ್ದು ಕೂತಿತ್ತು. ಲ್ಯಾಬಿನ ಯಜಮಾನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಟೇಪಮ್ಮ ಅಂದ್ರೆ ನೀವೇನಾ? ನಿನ್ನೆ ಅಡ್ಮಿಟ್ ಆದ್ರು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ತೆಗೀತಾರಂತೆ. ನಿಮಗೆ ಹೇಳಿರ್ಲಿಲ್ವಾ?"

ಆಪರೇಶನ್ ಆಗಿ ಎಂಟು ದಿನದ ಮೇಲೆ ನೋಡಲು ಬಿಟ್ಟರು. ಕೊರಳಿಗೆ ಬಿಳಿ ಬಟ್ಟೆ. ದಿಂಬಿನ ಪಕ್ಕ ಲ್ಯಾಬಿನ ಆರ್ಡರ್ ಪ್ಯಾಡು, ಪ್ರತಿ ಹಾಳೆಯಲ್ಲೂ ಮೂವತ್ತೆರಡು ಹಲ್ಲುಗಳ ಚಿತ್ರ ಅಚ್ಚಾದದ್ದು. ಅದರ ಹಿಂಬದಿಯಲ್ಲಿ ಬರೆಯುತ್ತಿದ್ದರು.

"ಯಾಕೆ ಸೋತ್ರಿ?" ಎಂದು ಕೇಳಿದೆ.

ಬರೆದರು: 'ನಾನು ಬರಲಾರದ ಮೇಲೂ ನೀವು ಖಾಲಿ ಕುರ್ಚಿ ಎದುರು ಕಾಯ್ತಾ ಕೂರ್ತೀರಿ. ನಿಮ್ಮ ಹಟ ನನಗೆ ಗೊತ್ತು.'

ಅವರು ಹಾಳೆ ಹರಿದು ಇನ್ನೊಂದರಲ್ಲಿ ಬರೆದರು. ತುಂಬ ಹೊತ್ತು ಬರೆದರು, ಇದ್ದದ್ದು ಎರಡೇ ಸಾಲು.

'ದನಿ ಇದ್ದಷ್ಟು ದಿನ ಸಿನಿಮಾ ಮಾತಾಡಿದೆ. ನಿಮ್ಮ ಹತ್ತಿರ ಆಡಬೇಕಾದ ಮಾತು ಉಳೀತು.'

"ನನಗಿನ್ನೂ ದನಿ ಇದೆಯಲ್ಲ" ಎಂದೆ. "ಇಬ್ಬರದೂ ನಾನೇ ಆಡ್ತೀನಿ."

ಆಡಿದೆ. ಏನೆಂದು ಇಲ್ಲಿ ಬರೆಯಲಾರೆ. ಪಕ್ಕದ ಮಂಚದ ಮುದುಕ ಗೋಡೆಯ ಕಡೆ ಹೊರಳಿ ಮಲಗಿದ, ನಿದ್ದೆ ಬಂದವನಂತೆ. ಅವರು ನನ್ನ ಬಲಗೈಯ ತೋರುಬೆರಳನ್ನು, ಸೂಜಿ ಚುಚ್ಚಿ ಒರಟಾದ ಆ ತುದಿಯನ್ನು, ಹೆಬ್ಬೆರಳಿನಿಂದ ಸವರುತ್ತಿದ್ದರು.

ಒಂದು ಭಾನುವಾರ ಅವರನ್ನು ಪೋಸ್ಟರ್ ಕೋಣೆಗೆ ಕರೆತಂದೆ. ಬೂದು ಕೋಟು ಮತ್ತೆ ಸಡಿಲವಾಗಿತ್ತು. ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ ನಾನು ಎದುರು ನಿಂತೆ.

"ಮುಗಿದದ್ದನ್ನ ತೆಗೆಯೋ ಹಾಗಿಲ್ಲಮ್ಮ" ಎಂದರು ಅಧ್ಯಕ್ಷರು, ಮೆಲ್ಲಗೆ.

"ನನ್ನ ವಾದ ತೆಗೀತಿಲ್ಲ. ಇವತ್ತು ನಾನು ಇವರ ಪಕ್ಷ" ಎಂದೆ. "ಎರಡನೆಯವನು ಸೇತುವೆ ಮೇಲೆ ತಡೆದನಲ್ಲ, ಅದು ಭಯಕ್ಕಲ್ಲ. ಎದುರಿದ್ದವನ ಮಣಿಕಟ್ಟು ನೋಡಿದ. ಇವನು ಯಾರನ್ನೋ ಕಳ್ಕೊಂಡಿದಾನೆ ಅಂತ ಆ ಒಂದು ಕ್ಷಣದಲ್ಲಿ ಅರ್ಥ ಮಾಡ್ಕೊಂಡ. ನೋಡೋನೊಬ್ಬ ಇಲ್ದಿದ್ರೆ ಆ ತೋಳು ಬರೀ ಟೈಲರ್ ತಪ್ಪೇ. ನಾನು ಹನ್ನೊಂದು ವರ್ಷ ತೋಳು ನೋಡಿದೆ. ತೋಳು ನೋಡಿದವನನ್ನ ನೋಡ್ಲಿಲ್ಲ."

ಪುಸ್ತಕ ಎಳೆದುಕೊಂಡು, ಅವರ ಸಹಿಯ ಕೆಳಗೆ 'ಸೋತೆ' ಎಂದು ಬರೆದು ನನ್ನ ಸಹಿ ಹಾಕಿದೆ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಎರಡೂ ಸಹಿ ನೋಡಿದರು. "ಇಬ್ಬರೂ ಸೋತ್ರೆ ಗೆದ್ದವರು ಯಾರು? ಗೆದ್ದವರಿಲ್ದೆ ವಾದ ಮುಗಿಯೋದು ಹೇಗೆ?" ಪುಸ್ತಕ ಮುಚ್ಚಿದರು. "ಕುರ್ಚಿ ಎದುರುಬದುರೇ ಇರ್ಲಿ."

ದಂತಪ್ಪ ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಅಲುಗುತ್ತಿತ್ತು.

ಇಪ್ಪತ್ತೆರಡು ಭಾನುವಾರ ಹಾಗೆ ಸಿಕ್ಕವು. ನಾನು ಮಾತಾಡುತ್ತಿದ್ದೆ, ಅವರು ಹಲ್ಲಿನ ಹಾಳೆಗಳ ಮೇಲೆ ಜಗಳ ಬರೆಯುತ್ತಿದ್ದರು. ಅಕ್ಕ ಅವರಿಗೆಂದು ಗಂಜಿ ಕಾಯಿಸಿ ತಂದು, "ನಿಮ್ಮ ಹೀರೋ ಥರ ತಡೀಬೇಡಿ, ಬಿಸಿ ಇದ್ದಾಗ್ಲೇ ಕುಡೀರಿ" ಎಂದು ಗದರಿಸುತ್ತಿದ್ದಳು.

ಕೊನೆಯ ಸಲ ಅಂಗಡಿಗೆ ಬಂದಾಗ ಅವರು ಕೋಟು ಬಿಚ್ಚಿ ಮೇಜಿನ ಮೇಲಿಟ್ಟು ಹೊಲಿಗೆಯನ್ನು ಬೆರಳಲ್ಲಿ ತೋರಿಸಿದರು. ಮತ್ತೆ ಹಿಡಿದು ಕೊಡಬೇಕಂತೆ.

"ಇನ್ನು ಹಿಡಿಯೋಲ್ಲ" ಎಂದೆ. "ನೀವೇ ದಪ್ಪ ಆಗಿ."

ಅವರು ಹಾಳೆಯಲ್ಲಿ ಬರೆದರು: 'ಹಾಗಾದ್ರೆ ಇಲ್ಲೇ ಇರ್ಲಿ. ದಪ್ಪ ಆದ ಮೇಲೆ ಬಂದು ತಗೊಂಡು ಹೋಗ್ತೀನಿ.'

ಆ ಕೋಟು ನನ್ನಲ್ಲೇ ಉಳಿಯಿತು.

ಅವರು ಹೋಗಿ ತಿಂಗಳಾದ ಮೇಲೆ ಅದನ್ನು ಮೇಜಿನ ಮೇಲೆ ಹರಡಿ ಹೊಲಿಗೆ ಬಿಚ್ಚಿದೆ. ಮೂರು ಸಲ ಹಿಡಿದಿದ್ದರೂ ಒಳಗಿನ ಬಟ್ಟೆಯನ್ನು ಒಂದು ಸಲವೂ ಕತ್ತರಿಸಿರಲಿಲ್ಲ. ಒಳ್ಳೆಯ ಟೈಲರು ಕತ್ತರಿಸುವುದಿಲ್ಲ. ಮನುಷ್ಯ ಮತ್ತೆ ತುಂಬಿಕೊಂಡರೆ ಬಿಡಿಸಲು ಬೇಕಲ್ಲ. ಒಂದೊಂದೇ ಗೆರೆ ಬಿಡಿಸಿ, ಇಸ್ತ್ರಿ ಮಾಡಿ, ಮೊದಲಿನ ಅಳತೆಗೆ ತಂದೆ. ಜೇಬಿನ ಮೂಲೆಯಲ್ಲಿ ಒಂದು ಚಿಟಿಕೆ ಪ್ಲಾಸ್ಟರ್ ಪುಡಿ ಸಿಕ್ಕಿತು. ಅದನ್ನು ಕೊಡವಲಿಲ್ಲ.

ಭಾನುವಾರ ಆ ಕೋಟು ತೊಟ್ಟು ಹೋದೆ. ಎದುರು ಕುರ್ಚಿ ಅಲ್ಲೇ ಇತ್ತು. ಹೊಸದಾಗಿ ಸೇರಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನನ್ನೇ ನೋಡಿ ನೋಡಿ ಕೊನೆಗೆ ತಡೆಯಲಾರದೆ ಕೇಳಿದಳು:

"ಆಂಟಿ, ನೀವು ಟೈಲರ್ ಅಲ್ವಾ? ನಿಮ್ಮ ಕೋಟಿನ ತೋಳೇ ಉದ್ದ ಆಗಿದೆಯಲ್ಲ. ಒಂದಿಂಚಾದ್ರೂ ತಪ್ಪಿದೆ."

ನೋಡಿದೆ. ತೋಳು ನನ್ನ ಮಣಿಕಟ್ಟನ್ನು ಪೂರ್ತಿ ಮುಚ್ಚಿ ಬೆರಳಿನ ಗಂಟುಗಳವರೆಗೆ ಇಳಿದಿತ್ತು.

"ತಪ್ಪಲ್ಲ ಮಗಳೇ" ಎಂದೆ. "ಬೇಕಂತಲೇ ಬಿಟ್ಟಿದ್ದು."