ಹಿಂದಕ್ಕೆ ತಿರುಗಿದ ಹಂಸ

“ಕದಿಯಾಕ ನಮ್ಮ ಮನೀನೇ ಸಿಕ್ತೇನ್ರೀ ನಿಮಗ?”

ಗದ್ವಾಲದ ಕಂಪ್ಯೂಟರ್ ಕ್ಲಾಸಿನ ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿದರು. ಸ್ರವಂತಿ ಎಸೆದ ಪ್ರಿಂಟ್ ಸೀರೆ ನೇರವಾಗಿ ಮೇಷ್ಟ್ರು ಶ್ರೀನಾಥನ ಕೀಬೋರ್ಡಿನ ಮೇಲೆ ಬಿತ್ತು.

“ಏನಿದು, ಸ್ರವಂತಿ?”

“ನಮ್ಮ ನಾಯ್ನ, ನಮ್ಮಪ್ಪ ನೇಯ್ದ ಅಂಚು! ಸೀರಿ ಇನ್ನಾ ಮಗ್ಗದ ಮ್ಯಾಲೇ ಐತಿ, ಅಷ್ಟರಾಗ ನಾರಾಯಣಪೇಟದ ಅಂಗಡ್ಯಾಗ ಜೋತು ಬಿದ್ದೈತಿ! ಹೊರಗಿನೋರಾಗ ಅದನ್ನ ನೋಡಿದೋರು ನೀವೊಬ್ರೇ!”

“ನಾ ಯಾರಿಗೂ ತೋರ್ಸಿಲ್ಲ...”

“ಕಳ್ಳ ಯಾವತ್ತರ ಹೂಂ ಅಂದಾನೇನ್ರೀ?”

ಸೀರೆ ಬಾಚಿಕೊಂಡು ಹೊರಟೇಬಿಟ್ಟಳು. ಒಮ್ಮೆ ತಿರುಗಿ ಅವನ ಮುಖ ನೋಡಿದ್ದರೂ ಸಾಕಿತ್ತು. ಸಿಟ್ಟಿಗೆ ಕಣ್ಣೆಲ್ಲಿರುತ್ತದೆ, ಹೇಳಿ!

ಅವರ ಬೀದಿಯ ನೇಕಾರರದ್ದು ಒಂದು ಕಟ್ಟು: ಹೊಸ ಅಂಚಿನ ಸೀರೆ ಮಗ್ಗದಿಂದ ಇಳಿಯುವ ತನಕ ಹೊರಗಿನವರ ಕಣ್ಣಿಗೆ ಬೀಳಬಾರದು. ಅದನ್ನು ಮುರಿದು ಸ್ರವಂತಿ ಅವನಿಗೆ ತೋರಿಸಿದ್ದಳು. ಅವನು ಕಲಿಸಿದ ಜಾವಾಸ್ಕ್ರಿಪ್ಟ್ ಕೋಡ್ ಬರೆದು ಅಪ್ಪ ಮಾರ್ಕಂಡೇಯನ ಅಂಚನ್ನೇ ಅನಿಮೇಶನ್ ಮಾಡಿದ್ದಳು. ಪರದೆಯ ಮೇಲೆ ಬೆರಳೆಳೆದರೆ ಲಾಳಿ ಓಡುತ್ತಿತ್ತು, ಹಂಸಗಳು ಸಾಲಾಗಿ ಏಳುತ್ತಿದ್ದವು.

“ಸೀರಿ ಒಡಲು ಮುಗಿದ ಮ್ಯಾಲ ಅಂಚು ಬರಾಕ ಹತ್ತೈತಿ” ಅಂದಿದ್ದ ಅವನು. “ಎರಡಕ್ಕೂ ಒಂದೇ ಹೊತ್ತು ಕೊಡು. ಜೋಡಿ ಹೊಂಡಲಿ.”

“ಜೋಡಿ ಹೊಂಡೋದು ಅಷ್ಟು ಸಸಾರೇನ್ರೀ?” ಅಂದಿದ್ದಳು ಇವಳು, ಪರದೆ ಬಿಟ್ಟು ಅವನನ್ನೇ ನೋಡುತ್ತ.

ಅಂಥವನನ್ನು ಕಳ್ಳ ಅಂದಿದ್ದಳು! ನೇಕಾರರ ಮಕ್ಕಳೆಲ್ಲ ಕ್ಲಾಸು ಬಿಟ್ಟರು. ಕ್ಲಾಸು ಮುಚ್ಚಿ ಶ್ರೀನಾಥ ಮಕ್ತಲಕ್ಕೆ, ತಾಯಿಯ ಹತ್ತಿರ ಹೋದ. ಇತ್ತ ಮಾರ್ಕಂಡೇಯನ ಸೀರೆಯನ್ನು ಯಾವಾಗಲೂ ಕೊಳ್ಳುವ ಸಾಹುಕಾರ ಮುಟ್ಟಲಿಲ್ಲ. “ಪ್ರಿಂಟಿನಾಗ ಸಿಗೋದಕ್ಕ ಮಗ್ಗದ ರೇಟು ಯಾರು ಕೊಡ್ತಾರಪಾ?”

ಒಂದು ಮಧ್ಯಾಹ್ನ ಮಾರ್ಕಂಡೇಯ ಮಗ್ಗ ಒರೆಸಲು ಆ ಪ್ರಿಂಟ್ ಸೀರೆಯನ್ನು ಹರಿಯುತ್ತಿದ್ದ.

“ಥೂ! ಕಳ್ಳಗ ಹಂಸ ಸೈತ ನೆಟ್ಟಗ ಇಡಾಕ ಬರ್ಲಿಲ್ಲ. ಕುತ್ತಿಗಿ ಹಿಂದಕ್ಕ ತಿರುವ್ಯಾನ!”

ಸ್ರವಂತಿ ಆ ತುಂಡನ್ನು ಕಸಿದುಕೊಂಡು ನೋಡಿದಳು.

ಹಿಂದಕ್ಕೆ ತಿರುಗಿದ ಹಂಸ ಅವಳದೇ ತಪ್ಪು! ಮೊದಲ ಸಲ ಕೋಡ್ ಬರೆದಾಗ ಹಂಸಗಳೆಲ್ಲ ಕುತ್ತಿಗೆ ಹಿಂದಕ್ಕೆ ತಿರುಗಿಸಿ ನಿಂತಿದ್ದವು. ಶ್ರೀನಾಥನನ್ನು ಕೇಳಲು ನಾಚಿಕೆ. ಕಲಿಯುವವರು ಒಬ್ಬರಿಗೊಬ್ಬರು ಸಹಾಯ ಮಾಡುವ ವೆಬ್‌ಸೈಟಿನಲ್ಲಿ ಹಾಕಿ ಕೇಳಿದ್ದಳು. ಯಾರೋ ಉತ್ತರ ಕೊಟ್ಟರು. ಸರಿ ಮಾಡಿಕೊಂಡು, ನೆಟ್ಟಗಿನ ಹಂಸವನ್ನೇ ಅವನಿಗೆ ತೋರಿಸಿದ್ದಳು. ತಿರುಗಿದ ಹಂಸವನ್ನು ಅವನು ನೋಡಿಯೇ ಇಲ್ಲ. ಅದು ಆ ವೆಬ್‌ಸೈಟಿನಲ್ಲೇ ಉಳಿದಿತ್ತು, ಯಾರು ಬೇಕಾದರೂ ಎತ್ತಿಕೊಳ್ಳುವಂತೆ!

‘ಅಯ್ಯೋ... ಕಳ್ಳನಿಗೆ ಬಾಗಿಲು ತೆಗೆದವಳು ನಾನೇ!’

ಸ್ರವಂತಿ ಮಕ್ತಲಕ್ಕೆ ಹೋದಾಗ ಬಾಗಿಲಿಗೆ ಬಂದವಳು ಶ್ರೀನಾಥನ ತಾಯಿ ಬುಚ್ಚಮ್ಮ.

“ಯಾರವ್ವ?”

“ಗದ್ವಾಲದ ಸ್ರವಂತಿರೀ...”

“ಓಹೋ! ಮಗನ್ನ ಕಳ್ಳ ಮಾಡಿದ್ದಾತು. ಈಗ ನನ್ನ ಮ್ಯಾಲ ಏನು ಹೊರಸಾಕ ಬಂದೀ, ತಾಯಿ?”

ದನಿ ಕೇಳಿ ಶ್ರೀನಾಥ ಹೊರಬಂದ. ಸ್ರವಂತಿ ಅಳುತ್ತಲೇ ಎಲ್ಲ ಹೇಳಿದಳು.

“ನಾ ಅಲ್ಲ ಅಂತ ಹೇಳಿದೆ. ನೀ ಕೇಳ್ಲಿಲ್ಲ.”

“ತಪ್ಪಾತುರೀ...”

“ಮಂದಿ ಮುಂದ ಕಳ್ಳ ಅಂದಿ. ಇಲ್ಲಿ ಬಾಗ್ಲಾಗ ನಿಂತು ತಪ್ಪಾತು ಅಂದ್ರ ಮುಗೀತೇನು?”

“ಮಂದಿ ಮುಂದೇ ಹೇಳಿ ಬಂದೀನಿ. ಬೀದ್ಯಾಗ ಎಲ್ಲಾರ್ಗೂ. ನಾಯ್ನಗೂ.”

“...ಏನಂದ್ರು?”

“ಮಾತು ಬಿಟ್ಟಾರ. ಮಗ್ಗದ ಕಡಿ ಬರಬ್ಯಾಡ ಅಂದಾರ.”

ಶ್ರೀನಾಥ ಮೆಟ್ಟಿಲ ಮೇಲೆ ಕುಸಿದು ಕುಳಿತ.

‘ಹೋಗು ಅಂತಾನೆ... ಈಗ ಅಂತಾನೆ...’

“ಪ್ರೀತಿ ಇಲ್ಲಂದ್ರ ಇಷ್ಟು ಉರೀತಿದ್ದಿಲ್ಲ, ಸ್ರವಂತಿ. ಆದ್ರ ಈ ಕಹಿ ಲಗೂನ ಹೋಗಂಗಿಲ್ಲ.”

“ಹೋಗೋತನ ಬೈರಿ, ಕೇಳ್ತೀನಿ. ಹೋಗು ಅಂತ ಮಾತ್ರ ಅನಬ್ಯಾಡ್ರಿ!”

ಅವನು ತುಸು ಸರಿದು ಜಾಗ ಬಿಟ್ಟ. ಅವಳು ಕುಳಿತಳು.

“ಇವತ್ತು ನಿನ್ನ ನೋಡಿ ನಗಾಕ ಬರಂಗಿಲ್ಲ ನನಗ.”

“ನಗಬ್ಯಾಡ್ರಿ. ಎದ್ದು ಹೋಗಬ್ಯಾಡ್ರಿ, ಅಷ್ಟು ಸಾಕು.”