ಜೊತೆಗೆ ಊಟ ಮಾಡಿದವರ ಹೆಸರು

“ಹೊಡೀ ಗುರೂ... ಹೊಡೀ!!”

ಕೂಗಿದವಳು ವರ್ಷಿಣಿ. ಕೂಗಿದ ಮೇಲಷ್ಟೇ ಅವಳಿಗೆ ಗೊತ್ತಾಯಿತು, ಇಡೀ ರಿಂಕ್‌ನಲ್ಲಿ ಬಾಯಿ ಬಿಟ್ಟವಳು ತಾನೊಬ್ಬಳೇ ಎಂದು!

ಐನೂರು ಜನ ಮಾಸ್ಕ್ ಹಾಕಿಕೊಂಡು, ನಡುವೆ ಎರಡೆರಡು ಕುರ್ಚಿ ಬಿಟ್ಟು ಕುಳಿತು ಐಸ್ ಹಾಕಿ ಪಂದ್ಯ ನೋಡುತ್ತಿದ್ದರು. ಗೋಲಾದರೆ ಚಪ್ಪಾಳೆ, ತಪ್ಪಿದರೂ ಚಪ್ಪಾಳೆ. 2020ರ ಡಿಸೆಂಬರ್ ಅದು. ಕೂಗಿದರೆ ಕೊರೊನಾ ಹರಡುತ್ತದೆಂದು ಎಲ್ಲರ ಬಾಯಿಗೂ ಬೀಗ. “ದಯವಿಟ್ಟು ಕೂಗಬೇಡಿ” ಎಂದು ಬರೆದ ಫಲಕ ಹಿಡಿದು ಸಿಬ್ಬಂದಿಯ ಹುಡುಗಿಯೊಬ್ಬಳು ಓಡೋಡಿ ಬಂದಳು.

“ಸುಮಿಮಾಸೆನ್... ಸುಮಿಮಾಸೆನ್...” ವರ್ಷಿಣಿ ಜಪಾನಿಯಲ್ಲಿ ಕ್ಷಮೆ ಕೇಳುತ್ತಾ ನಾಚಿಕೆಯಿಂದ ಕುರ್ಚಿಯೊಳಗೇ ಇಳಿದುಹೋದಳು.

ಅಷ್ಟರಲ್ಲಿ ಐಸ್ ಮೇಲೆ ಹತ್ತೊಂಬತ್ತನೇ ನಂಬರಿನ ಆಟಗಾರ ಗಕ್ಕನೆ ನಿಂತ. ಅವನ ಕೋಲಿಗೆ ಸಿಗಬೇಕಿದ್ದ ಕಪ್ಪು ಬಿಲ್ಲೆ ಪಕ್ಕದಲ್ಲೇ ಜಾರಿಹೋಯಿತು. ಕೋಚ್ ಬೈದರು. ಅವನು ಮಾತ್ರ ಕತ್ತೆತ್ತಿ, ಕೂಗಿದವಳು ಯಾರೆಂದು ಹುಡುಕುತ್ತಿದ್ದ.

‘ಅಯ್ಯೋ ಶಿವನೇ... ಇವನಿಗೆ ಕನ್ನಡ ಬರುತ್ತಾ?’

ಬರುತ್ತಿತ್ತು. ಆಟ ಮುಗಿದ ಮೇಲೆ ರಿಂಕ್ ಪಕ್ಕದ ಕೊಂಬಿನಿ ಅಂಗಡಿಯಲ್ಲಿ ಅವಳು ಹಾಲಿನ ಪ್ಯಾಕೆಟ್ ಆರಿಸುತ್ತಿದ್ದಾಗ ಹಿಂದಿನಿಂದ ದನಿ ಕೇಳಿಸಿತು.

“ನೀನೇನಾ... ಹೊಡೀ ಗುರೂ?”

ಗುರುತಿಲ್ಲ, ಪರಿಚಯವಿಲ್ಲ, ನೇರವಾಗಿ ನೀನು ಅಂತೆ! ಅವಳು ಹುಬ್ಬೇರಿಸಿದ್ದು ಕಂಡು ಹುಡುಗ ಗಾಬರಿಬಿದ್ದ.

“ಸಾರಿ, ಸಾರಿ... ನಂಗೆ ಅಮ್ಮನ ಹತ್ರ ಮಾತಾಡೋ ಕನ್ನಡ ಮಾತ್ರ ಬರೋದು.”

ವರ್ಷಿಣಿಗೆ ನಗು ತಡೆಯಲಾಗಲಿಲ್ಲ. ಹತ್ತು ತಿಂಗಳಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಮೈಸೂರಿನ ಹುಡುಗಿ. ಬೈಕ್ ತಯಾರಿಸುವ ಕಂಪನಿಯೊಂದರ ಸಾಫ್ಟ್‌ವೇರ್ ಪ್ರಾಜೆಕ್ಟಿಗೆಂದು ಜಪಾನಿನ ಹಮಾಮತ್ಸುಗೆ ಬಂದು ಇಳಿದ ತಿಂಗಳೇ ಆಫೀಸ್ ಮುಚ್ಚಿತ್ತು. ಅಲ್ಲಿಂದ ಒಂದೇ ರೂಮು, ಒಂದೇ ಲ್ಯಾಪ್‌ಟಾಪ್, ಒಬ್ಬಳೇ ಊಟ. ಅಂಥವಳಿಗೆ ಎದುರು ನಿಂತು ಕನ್ನಡ ಮಾತಾಡುವವನು ಸಿಕ್ಕರೆ ಹೇಗಾಗಬೇಡ ಹೇಳಿ!

ಅವನ ಹೆಸರು ನಿತಿನ್. ಅಪ್ಪ ಪದ್ಮನಾಭ ಎಂಜಿನಿಯರ್. ಮಗನಿಗೆ ನಾಲ್ಕು ವರ್ಷವಿದ್ದಾಗ ಸಂಸಾರ ಇಲ್ಲಿಗೆ ಬಂದಿತ್ತು. ಇವನಿಗೆ ಅದೇನು ಹುಚ್ಚೋ, ಎಲ್ಲ ಬಿಟ್ಟು ಐಸ್ ಹಾಕಿ ಹಿಡಿದ. ಈಗ ಇಪ್ಪತ್ತೆರಡು. ‘ಹಮಾಮತ್ಸು ಗೇಲ್ಸ್’ ತಂಡದಲ್ಲಿ ಒಂದು ವರ್ಷದ ಕಾಂಟ್ರ್ಯಾಕ್ಟ್, ಅದೂ ಸರದಿಯ ಮೇಲೆ ಐಸ್‌ಗೆ ಇಳಿಯುವ ಗುಂಪುಗಳಲ್ಲಿ ಕೊನೆಯ ಸಾಲಿನ ಆಟಗಾರ.

“ಒಂದ್ಸಲ ಇಳಿದ್ರೆ ಫಾರ್ಟಿ ಸೆಕೆಂಡ್ಸ್. ಆಮೇಲೆ ಬೆಂಚ್,” ಎಂದ.

“ನಲವತ್ತು ಸೆಕೆಂಡಾ? ಅಷ್ಟಕ್ಕೇನಾ ಇಷ್ಟೆಲ್ಲ ಒದ್ದಾಟ?”

“ಅಷ್ಟರಲ್ಲೇ ಎಲ್ಲಾ. ಫುಲ್ ಸ್ಪೀಡ್. ಉಸಿರು ಖಾಲಿ ಆಗೋವರೆಗೂ. ಅದು ಬಿಟ್ರೆ ನಂಗೆ ಬೇರೆ ಏನೂ ಬರಲ್ಲ.”

ಆ ಚಳಿಗಾಲವೆಲ್ಲ ಭಾನುವಾರದ ಮಧ್ಯಾಹ್ನಗಳಲ್ಲಿ ಇಬ್ಬರೂ ಸನಾರು ಕೆರೆಯ ದಂಡೆಯಲ್ಲಿ ಭೇಟಿಯಾದರು. ಅವನೊಂದು ಬೆಂಚು, ಇವಳೊಂದು ಬೆಂಚು. ಮುಖಕ್ಕೆ ಮಾಸ್ಕು. ತಂಡದ ನಿಯಮ ಅಷ್ಟು ಬಿಗಿ. ಪ್ರತಿಯೊಬ್ಬ ಆಟಗಾರನೂ ದಿನವೂ ರಿಪೋರ್ಟ್ ಬರೆದುಕೊಡಬೇಕು: ಮೈ ಬಿಸಿ ಎಷ್ಟು, ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಊಟ ಮಾಡಿದೆ, ಅವರು ನಿನಗೇನಾಗಬೇಕು. ಮನೆಯವರನ್ನು ಬಿಟ್ಟು ಹೊರಗಿನವರ ಜೊತೆ ಊಟ ಮಾಡಿದರೆ ತಂಡದಿಂದ ಹೊರಗೆ.

‘ಇವನೆಂದರೆ ನನಗೆ ಪ್ರಾಣ’ ಎಂದು ವರ್ಷಿಣಿಗೆ ಜನವರಿಯಲ್ಲೇ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಅವನೂ ಹೇಳಲಿಲ್ಲ.

ಫೆಬ್ರವರಿಯ ಒಂದು ದಿನ ನಿತಿನ್ ಫೋನ್ ಮಾಡಿದ.

“ಮುಂದಿನ ಶನಿವಾರ ಕೋಚ್ ನನ್ನನ್ನ ಮೊದಲನೇ ಸಾಲಲ್ಲಿ ಆಡಿಸ್ತಾರಂತೆ! ನೋಡೋಕೆ ಹೊಕ್ಕೈಡೋದಿಂದ ದೊಡ್ಡ ಟೀಮಿನವರು ಬರ್ತಿದಾರೆ. ಚೆನ್ನಾಗಾದ್ರೆ ಮೂರು ವರ್ಷದ ಕಾಂಟ್ರ್ಯಾಕ್ಟ್. ಇಲ್ಲಾಂದ್ರೆ... ಮಾರ್ಚ್‌ಗೆ ನನ್ನ ಹಾಕಿ ಮುಗೀತು.”

“ಹಾಗಾದ್ರೆ ಈ ಭಾನುವಾರ ನಮ್ಮನೇಲಿ ಬಿಸಿಬೇಳೆಬಾತ್!”

“ರೂಲ್ ಇದ್ಯಲ್ಲ...”

“ಒಂದು ದಿನ ಕಣೋ. ಯಾರಿಗೆ ಗೊತ್ತಾಗುತ್ತೆ? ಬಾ.”

ಬಂದ. ಮಾಸ್ಕ್ ತೆಗೆದ ಅವನ ಮುಖವನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಮೂರು ಸಲ ಬಡಿಸಿಕೊಂಡ. ಎರಡು ಗಂಟೆ ಮಾತಾಡಿದರು.

ಮಂಗಳವಾರ ಬೆಳಿಗ್ಗೆ ವರ್ಷಿಣಿ ಒಗ್ಗರಣೆ ಹಾಕಿದಳು. ಘಮ ಬರಲಿಲ್ಲ. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದಳು. ಏನೂ ಇಲ್ಲ... ಏನೇನೂ ಇಲ್ಲ!

ಬುಧವಾರ ಪಾಸಿಟಿವ್ ಎಂದು ವರದಿ ಬಂತು. ಸ್ವಲ್ಪ ಹೊತ್ತಿಗೇ ಆರೋಗ್ಯ ಕೇಂದ್ರದ ಫೋನ್. ಆ ಕಡೆ ಬಹಳ ಮೃದುವಾದ ಹೆಂಗಸಿನ ದನಿ.

“ಈಚೆಗೆ ಮಾಸ್ಕ್ ಇಲ್ಲದೆ ಯಾರ ಜೊತೆಗಾದರೂ ಊಟ ಮಾಡಿದ್ದೀರಾ?”

ಹೌದು ಎಂದರೆ ನಿತಿನ್‌ಗೆ ಹದಿನಾಲ್ಕು ದಿನ ಗೃಹಬಂಧನ. ಶನಿವಾರದ ಆಟ ಹೋಯಿತು. ನಿಯಮ ಮುರಿದದ್ದು ಬಯಲಾಗಿ ತಂಡವೂ ಹೋಯಿತು.

“ಇಲ್ಲ,” ಎಂದಳು ವರ್ಷಿಣಿ. “ನಾನು ಒಬ್ಬಳೇ ಊಟ ಮಾಡೋದು.”

ಆ ಹೆಂಗಸು ಅದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಮೂರು ಸಲ ಕೇಳಿದಳು. ಮೂರು ಸಲವೂ ಇವಳು ಸುಳ್ಳು ಹೇಳಿದಳು.

ಪಾಸಿಟಿವ್ ಎಂದು ಅವನಿಗೆ ಮೆಸೇಜ್ ಹಾಕಿದಳು. ಸಂಜೆ ನಿತಿನ್ ಫೋನ್ ಮಾಡಿದ.

“ಏನು ಹೇಳ್ದೆ ಅವರಿಗೆ?”

“ಯಾರೂ ಬಂದಿಲ್ಲ ಅಂದೆ. ನೀನು ಸುಮ್ನೆ ಹೋಗಿ ಆಡು.”

“ಆದ್ರೆ ನಾನು ಬಂದಿದ್ದೆ...”

“ಬಂದಿಲ್ಲ! ನೀನು ನಂಗೆ ಯಾರೂ ಅಲ್ಲ, ತಿಳೀತಾ? ಇನ್ಮೇಲೆ ಫೋನ್ ಮಾಡ್ಬೇಡ.”



“ಯಾರೂ ಅಲ್ವಾ?” ಎಂದ ಅವನು, ಮಗುವಿನ ಹಾಗೆ.

ಅವಳು ಫೋನ್ ಕಟ್ ಮಾಡಿದಳು. ‘ಕೋಪ ಬರಲಿ. ಕೋಪದಲ್ಲೇ ಆಡಲಿ. ಗೆಲ್ಲಲಿ ದೇವರೇ...’ ಎಂದು ದಿಂಬಿಗೆ ಮುಖ ಒತ್ತಿ ಅತ್ತಳು.

ಶನಿವಾರ, ಸೋಂಕಿತರಿಗೆಂದು ಕೊಟ್ಟ ಹೋಟೆಲ್ ರೂಮಿನಲ್ಲಿ ಕುಳಿತು ಫೋನಿನಲ್ಲಿ ಆಟ ನೋಡಿದಳು. ಮೊದಲನೇ ಸಾಲು ಐಸ್‌ಗೆ ಇಳಿಯಿತು. ಹತ್ತೊಂಬತ್ತು ಇಲ್ಲ. ಬೆಂಚಿನಲ್ಲಿ ಹುಡುಕಿದಳು. ಅಲ್ಲಿಯೂ ಇಲ್ಲ!

ಸೋಮವಾರ ತಂಡದ ಪ್ರಕಟಣೆ ಬಂತು. ನಿಯಮ ಮುರಿದುದನ್ನು ಆಟಗಾರನೇ ಶುಕ್ರವಾರ ಒಪ್ಪಿಕೊಂಡಿದ್ದಾನೆ. ಪರೀಕ್ಷೆಯಲ್ಲಿ ಸೋಂಕು ಕಂಡಿದೆ. ತಂಡದ ಉಳಿದವರು ಸುರಕ್ಷಿತ. ಅವನ ಕಾಂಟ್ರ್ಯಾಕ್ಟ್ ರದ್ದಾಗಿದೆ.

‘ನಾನೇ ಕರೆದೆ... ನಾನೇ ಅಂಟಿಸಿದೆ... ನಾನೇ ಹಾಳುಮಾಡಿದೆ!’

ನೂರು ಸಲ ಮೆಸೇಜ್ ಟೈಪ್ ಮಾಡಿ ನೂರು ಸಲವೂ ಅಳಿಸಿದಳು. ನ್ಯುಮೋನಿಯಾ ಆಗಿ ಅವನು ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದಾನೆ ಎಂದು ಯಾರಿಂದಲೋ ಕೇಳಿದಳು. ಯಾವ ಮುಖ ಹೊತ್ತು ಹೋಗಿ ನೋಡಲಿ? ಅಷ್ಟರಲ್ಲಿ ಅವಳ ಪ್ರಾಜೆಕ್ಟೂ ಮುಗಿದು ಮಾರ್ಚ್ ಮೂವತ್ತೊಂದಕ್ಕೆ ಊರಿಗೆ ಟಿಕೆಟ್ ಆಯಿತು. ಹೋದರೆ ಹೋದಂತೆ. ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿತ್ತು. ಯಾವಾಗ ತೆರೆಯುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಹೊರಡಲು ಒಂಬತ್ತು ದಿನವಿದ್ದಾಗ ಬಾಗಿಲು ಸದ್ದಾಯಿತು. ಐವತ್ತರ ಆಸುಪಾಸಿನ ಹೆಂಗಸು, ಮಾಸ್ಕಿನ ಮೇಲೆ ನಿತಿನ್‌ನದೇ ಕಣ್ಣು.

“ಕನ್ನಡದವರ ಗ್ರೂಪಲ್ಲಿ ಕುಕ್ಕರ್ ಮಾರೋಕೆ ಹಾಕಿದ್ಯಲ್ಲಮ್ಮಾ, ಅಲ್ಲಿಂದ ಅಡ್ರೆಸ್ ಸಿಕ್ತು. ನಾನು ವಿಜಯಾ. ನಿತಿನ್ ಅಮ್ಮ.”

ವರ್ಷಿಣಿ ಎರಡೂ ಕೈ ಜೋಡಿಸಿದಳು. “ಆಂಟಿ... ತಪ್ಪಾಯ್ತು ಆಂಟಿ...”

“ಹತ್ತು ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅವನನ್ನ ರಿಂಕ್‌ಗೆ ಕರ್ಕೊಂಡ್ ಹೋಗಿದೀನಿ. ಎಲ್ಲಾ ನೀರಲ್ಲಿ ಹೋಮ ಆಯ್ತು. ನಿನ್ನ ಬೈಯೋಣ ಅಂತ್ಲೇ ಬಂದೆ.” ವಿಜಯಾ ಪರ್ಸಿನಿಂದ ಮಡಚಿದ ಕಾಗದ ತೆಗೆದರು. “ಆದ್ರೆ ಮೊದ್ಲು ಇದನ್ನ ಓದು. ಟೀಮಿಗೆ ಅವನು ಬರೆದುಕೊಟ್ಟ ಕೊನೇ ರಿಪೋರ್ಟಿನ ಕಾಪಿ.”

ಯಾರ ಜೊತೆ ಊಟ ಮಾಡಿದೆ? ವರ್ಷಿಣಿ. ಏನಾಗಬೇಕು? ಜಪಾನಿ ಅಕ್ಷರಗಳಲ್ಲಿ ಒತ್ತಿ ಬರೆದಿದ್ದ: ನಾನು ಮದುವೆಯಾಗಬೇಕಾದ ಹುಡುಗಿ.

“ಹೆತ್ತವರಿಗೆ ಹೇಳಿಲ್ಲ, ಹೋಗಿ ಮ್ಯಾನೇಜರ್‌ಗೆ ಬರ್ಕೊಟ್ಟಿದಾನೆ ನೋಡು! ನಿನ್ಗಾದ್ರೂ ಹೇಳಿದ್ನಾ?”

ವರ್ಷಿಣಿ ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು.

“ಹೂಂ. ಚೆನ್ನಾಗಿದೆ.” ವಿಜಯಾ ಕಾಗದವನ್ನು ವಾಪಸ್ ತೆಗೆದುಕೊಂಡು ಮಡಚಿದರು. “ಹೋಗೋದಾದ್ರೆ ಹೋಗಮ್ಮಾ. ಹೇಳದೆ ಮಾತ್ರ ಹೋಗ್ಬೇಡ. ಕಿಟ್ ವಾಪಸ್ ಕೊಡೋಕೆ ರಿಂಕ್‌ಗೆ ಹೋಗಿದಾನೆ.”

ರಿಂಕ್ ಖಾಲಿಯಿತ್ತು. ನಿತಿನ್ ಒಬ್ಬನೇ ಐಸ್ ಮೇಲಿದ್ದ. ಎಷ್ಟು ಸೊರಗಿದ್ದ! ಒಂದು ಸುತ್ತು ಹೋದ. ಎರಡನೆಯದು ಅರ್ಧವಾಗುವಷ್ಟರಲ್ಲಿ ವೇಗ ಕುಸಿಯಿತು. ಮಂಡಿ ಹಿಡಿದು ಬಗ್ಗಿದ, ಹಾಗೇ ಕುಸಿದು ಕುಳಿತ.

ವರ್ಷಿಣಿ ಬೂಟಿನಲ್ಲೇ ಐಸ್‌ಗೆ ಇಳಿದು ಓಡಿದಳು. ಬಿದ್ದಳು. ಎದ್ದಳು. ಮತ್ತೆ ಬಿದ್ದು, ತೆವಳಿಕೊಂಡೇ ಅವನನ್ನು ಮುಟ್ಟಿದಳು.

“ನೋಡ್ದೆ... ನೀನು ಬಿದ್ದಿದ್ದು,” ಎಂದ ಅವನು ಏದುಸಿರು ಬಿಡುತ್ತಾ. “ಎತ್ತೋಕೆ ಬರೋಣ ಅಂದ್ಕೊಂಡೆ... ಆಗ್ಲಿಲ್ಲ.”

“ಡಾಕ್ಟರ್ ಏನಂದ್ರು?”

“ಓಡಾಡ್ಕೊಂಡಿರ್ಬಹುದಂತೆ. ಹಾಕಿ ಮರೆತ್ಬಿಡು ಅಂದ್ರು.”

“ನನ್ನಿಂದ ಕಣೋ... ನಾನು ಕರೀಬಾರ್ದಿತ್ತು!”

“ಕರೆದಿದ್ದು ನೀನು. ಬಂದಿದ್ದು ನಾನು.”

“ಯಾಕೋ ಹೇಳ್ದೆ? ಅಷ್ಟು ಸುಳ್ಳು ಹೇಳಿದ್ನಲ್ಲ ನಾನು, ಯಾರಿಗೂ ಗೊತ್ತಾಗ್ತಿರ್ಲಿಲ್ಲ!”

“ಗೋಲ್‌ಕೀಪರ್ ಕುರೋದಾ ಸಾನ್ ಅವರ ಲಾಕರ್ ನನ್ನ ಪಕ್ಕ. ಅವರ ಹೆಂಡ್ತಿ ಬಸುರಿ. ಶುಕ್ರವಾರ ನನ್ನ ಭುಜ ತಟ್ಟಿ, ನಾಳೆ ನಿನ್ನ ದಿನ ಅಂದ್ರು... ಆಮೇಲೆ ಅಲ್ಲಿ ಕೂರೋಕಾಗ್ಲಿಲ್ಲ ನಂಗೆ.”

“ಮತ್ತೆ ನನ್ನ ಬಗ್ಗೆ ಹಾಗೆ ಬರೆದ್ಯಲ್ಲ... ನಾನು ಯಾರೂ ಅಲ್ಲ ಅಂದಿದ್ದೆ ನಿಂಗೆ.”

“ಅದು ನಿಜ ಅಂತ್ಲೇ ಅಂದ್ಕೊಂಡೆ. ಆದ್ರೂ... ನಂಗೆ ನೀನು ಅದೇ. ಕೊನೇ ರಿಪೋರ್ಟು, ಪೂರ್ತಿ ನಿಜ ಬರೆಯೋಣ ಅನ್ನಿಸ್ತು.”

“ನೀನು ಆಡ್ಲಿ ಅಂತ ಹೇಳಿದ್ದು ಕಣೋ ಅದು, ಪೆದ್ದ!” ಅವಳು ಅವನ ಎದೆಗೆ ಗುದ್ದಲು ಹೋದವಳು, ಅವನ ಉಸಿರಿನ ಸದ್ದು ಕೇಳಿ ಮೆಲ್ಲಗೆ ಕೈಯಿಟ್ಟಳಷ್ಟೇ. “ಮ್ಯಾನೇಜರ್‌ಗೆ ಹೇಳ್ದೆ. ನನ್ನನ್ನ ಕೇಳಿದ್ಯಾ?”

“ಹಾಕಿ ಇಲ್ಲ. ಕೆಲ್ಸ ಇಲ್ಲ. ನೀನು ಹೋಗ್ತೀಯ, ನಿನ್ನ ವಾಪಸ್ ಬಿಡಲ್ಲ. ಕೇಳಿ ಏನು ಮಾಡ್ಲಿ?”

“ಏನೂ ಮಾಡ್ಬೇಡ. ಕೇಳು.”

ಅವನು ಅವಳನ್ನೇ ನೋಡಿದ. ಮಾತಿಗೆ ಮೊದಲು ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು.

“ನನ್ನನ್ನ... ಮದ್ವೆ ಆಗ್ತೀಯಾ?”

“ಆಗ್ತೀನಿ.”

“ಯಾವಾಗ?”

“ಗೊತ್ತಿಲ್ಲ ಕಣೋ...” ಎನ್ನುತ್ತಲೇ ಅವಳು ಬಿಕ್ಕಿಬಿಕ್ಕಿ ಅತ್ತಳು.

ಐಸ್ ಸವರುವ ಯಂತ್ರ ಬಾಗಿಲ ಬಳಿ ಬಂದು ನಿಂತಿತ್ತು. ಕೆಲಸಗಾರ ಸಮಯವಾಯಿತೆಂದು ಕೈಸನ್ನೆ ಮಾಡಿದ.

“ಏಳ್ತೀಯಾ?”

“ಇನ್ನೊಂದು ಸ್ವಲ್ಪ... ಉಸಿರು ಬರ್ಲಿ.”

“ಬರ್ಲಿ ಬಿಡು,” ಎಂದು ಅವಳು ಅವನಿಗೆ ಒತ್ತಿ ಕುಳಿತುಕೊಂಡಳು.